ನಡುರಸ್ತೆಯಲ್ಲಿ ಫ್ಯಾನ್ ಬೆಲ್ಟ್ ಕಿತ್ತುಹೋದರೆ

ಬೆಂಗಳೂರಿನ ಚಾಮರಾಜಪೇಟೆಯಿಂದ ಅಡುಗೆ ಪಾತ್ರೆ ತುಂಬಿಕೊಂಡು ಊರಾಚೆಯ ಛತ್ರಗಳಿಗೆ ಹೊಡೆಯುವುದು ನನ್ನ ಕೆಲಸ. ಗಾಡಿ ಹಳೆಯ ಡೀಸೆಲ್ ಬೊಲೆರೋ ಪಿಕಪ್. ಇಂಥ ಗಾಡಿ ಇಟ್ಟುಕೊಂಡವರಿಗೆ ಬೆಲ್ಟ್ ಹಾಕುವುದು ಗೊತ್ತಿರಲೇಬೇಕು. ಛತ್ರದಲ್ಲಿ ಭಟ್ಟರು ಒಲೆ ಹಚ್ಚಿ ಕಾಯುತ್ತಿರುತ್ತಾರೆ, ಮೆಕ್ಯಾನಿಕ್ ಫೋನ್ ಎತ್ತುವುದಿಲ್ಲ.

ಬೆಲ್ಟ್ ಹೋದದ್ದು ಹೇಗೆ ಗೊತ್ತಾಗುತ್ತದೆ? ಬಾನೆಟ್ ಒಳಗೆ ‘ಪಟ್’ ಅನ್ನುತ್ತದೆ. ಬ್ಯಾಟರಿ ಲೈಟ್ ಕೆಂಪಗೆ ಹತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳು ಮೇಲೇಳುತ್ತದೆ. ಯಾಕೆಂದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್), ವಾಟರ್ ಪಂಪ್, ರೇಡಿಯೇಟರ್ ಫ್ಯಾನ್ ಮೂರೂ ಆ ಒಂದೇ ಬೆಲ್ಟಿನ ಮೇಲೆ ನಡೆಯುತ್ತವೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಅಪಾಯವಿದೆ. ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪ್ ಎಷ್ಟೋ ಗಾಡಿಗಳಲ್ಲಿ ಡೈನಮೋ ಬೆನ್ನಿಗೇ ಅಂಟಿಕೊಂಡಿರುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಬಲ ಪೂರ್ತಿ ಹಾಕಬೇಕು. ಆದ್ದರಿಂದ ಸುಮ್ನೆ ಪದೇ ಪದೇ ಬ್ರೇಕ್ ಒತ್ತಬೇಡಿ. ಗೇರ್ ಇಳಿಸಿ, ಎಡಕ್ಕೆ ತನ್ನಿ.

ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯದ ಹತ್ತಿರ ಹೀಗಾದರೆ ಪೀಣ್ಯ ಫ್ಲೈಓವರ್ ಹತ್ತಲೇಬೇಡಿ. ಮೇಲೆ ಪಕ್ಕಕ್ಕೆ ನಿಲ್ಲಿಸಲು ಜಾಗವೇ ಇಲ್ಲ, ಹಿಂದಿನಿಂದ ಬಸ್ಸು ಲಾರಿ ನುಗ್ಗಿ ಬರುತ್ತವೆ. ಕೆಳಗಿನ ಸರ್ವಿಸ್ ರಸ್ತೆಗೆ ಇಳಿಸಿ. ಹ್ಯಾಂಡ್ ಬ್ರೇಕ್, ಚಕ್ರಕ್ಕೊಂದು ಕಲ್ಲು, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಾಯದ ಜಾಗದಲ್ಲಿ ಸಿಕ್ಕಿಕೊಂಡರೆ 1033ಕ್ಕೆ ಫೋನ್ ಮಾಡಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇಂಜಿನ್ ಆರಲಿ. ಅಷ್ಟರಲ್ಲಿ ಒಂದು ಟೀ ಕುಡಿದು ಬರಬಹುದು. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ತೆಗೆಯಬೇಡಿ, ಕುದಿನೀರು ಮುಖಕ್ಕೇ ಹಾರುತ್ತದೆ.

ಈಗ ಹೊಸ ಬೆಲ್ಟ್ ಕೈಗೆತ್ತಿಕೊಳ್ಳುವ ಮುಂಚೆ, ಹಳೆಯದು ಯಾಕೆ ಹೋಯಿತು ಅಂತ ನೋಡಿ. ತುಂಬಾ ಜನ ಬಿಡುವುದು ಇದನ್ನೇ. ಬರೀ ಹಳತಾಗಿ ಬಿರುಕು ಬಿಟ್ಟು ಹರಿದಿದ್ದರೆ ಚಿಂತೆಯಿಲ್ಲ. ಆದರೆ ಡೈನಮೋ ಪುಲ್ಲಿಯನ್ನು (ಬೆಲ್ಟ್ ಕೂರುವ ಗಾಲಿ) ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ, ಅಥವಾ ತಿರುಗದೇ ಇದ್ದರೆ, ಬೇರಿಂಗ್ ಹೋಗಿದೆ ಅಂತ ಅರ್ಥ. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಲೊಡಲೊಡ ಅಂದರೆ, ಪಂಪಿನ ಕೆಳಗೆ ನೀರು ಜಿನುಗಿದ ಗುರುತಿದ್ದರೆ, ತಪ್ಪು ವಾಟರ್ ಪಂಪಿನದು. ಹಾಗಿದ್ದಾಗ ಹೊಸ ಬೆಲ್ಟ್ ಹಾಕಿ ಏನು ಪ್ರಯೋಜನ? ಅದೂ ದಾರಿಯಲ್ಲೇ ಹೋಗುತ್ತದೆ. ಟೋಯಿಂಗ್ ಗಾಡಿ ಕರೆಸಿ. ಪುಲ್ಲಿಯ ಮೇಲೆ ಆಯಿಲ್ ಇದ್ದರೆ ಬಟ್ಟೆಯಲ್ಲಿ ಒರೆಸಿ. ಹಳೆ ಬೆಲ್ಟಿನ ನೂಲು ಇಂಜಿನ್ನಿನ ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡಿರುತ್ತದೆ, ಅದನ್ನೂ ಎಳೆದು ತೆಗೆಯಿರಿ.

ಡೈನಮೋಗೆ ಕೆಳಗೊಂದು ಬೋಲ್ಟು, ಮೇಲೆ ಉದ್ದ ಸೀಳು ಬಿಟ್ಟ ಪಟ್ಟಿಯಲ್ಲಿ ಇನ್ನೊಂದು. ಎರಡನ್ನೂ ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಯಾವ ಸೈಜಿನ ಸ್ಪ್ಯಾನರ್ ಬೇಕು ಅಂತ ಮನೆ ಮುಂದೆಯೇ ಹಾಕಿ ನೋಡಿಟ್ಟುಕೊಂಡಿದ್ದರೆ ಒಳ್ಳೆಯದು. ಡೈನಮೋವನ್ನು ಇಂಜಿನ್ ಕಡೆ ಒತ್ತಿ. ಎಸಿ ಬೆಲ್ಟ್ ಮುಂದೆ ಅಡ್ಡ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಹೊಸ ಬೆಲ್ಟನ್ನು ಫ್ಯಾನಿಗೂ ಅದರ ಸುತ್ತಿನ ಗೂಡಿಗೂ ನಡುವಿನ ಸಂದಿಯಲ್ಲಿ ಇಳಿಸಿ, ಫ್ಯಾನ್ ತಿರುಗಿಸುತ್ತಾ ಒಂದೊಂದೇ ರೆಕ್ಕೆ ದಾಟಿಸಿ. ಬೆರಳಿನ ಗಿಣ್ಣು ತರಚುವುದು ಇಲ್ಲೇ. ಕ್ರ್ಯಾಂಕ್ ಪುಲ್ಲಿಗೆ, ಪಂಪ್ ಪುಲ್ಲಿಗೆ ಕೂರಿಸಿ, ಕೊನೆಗೆ ಡೈನಮೋಗೆ ಹಾಕಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿ ಏರಿಸಬೇಡಿ, ಒಳಗಿನ ನೂಲು ತುಂಡಾಗುತ್ತದೆ.

ಬಿಗಿ ಮಾಡಲು ವೀಲ್ ಸ್ಪ್ಯಾನರಿನ ಹಿಡಿಯನ್ನೇ ಮೀಟುಗೋಲು ಮಾಡಿಕೊಳ್ಳಿ. ಡೈನಮೋದ ಮುಂಭಾಗದ ಗಟ್ಟಿ ಮೈಗೆ ಕೊಟ್ಟು ಮೀಟಿ, ಹಿಂದಿನ ವ್ಯಾಕ್ಯೂಮ್ ಪಂಪಿಗೆ ಅಲ್ಲ. ಹಾಗೇ ಹಿಡಿದುಕೊಂಡು ಮೇಲಿನ ಬೋಲ್ಟು ಬಿಗಿಯಿರಿ, ಆಮೇಲೆ ಕೆಳಗಿನದು. ಎರಡು ಪುಲ್ಲಿಗಳ ನಡುವೆ ಉದ್ದ ಜಾಸ್ತಿ ಇರುವ ಕಡೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ತಂಬೂರಿ ತಂತಿಯ ಹಾಗೆ ಬಿಗಿದರೆ ಬೇರಿಂಗ್ ತಿಂದುಹಾಕುತ್ತದೆ.

ರೇಡಿಯೇಟರಿನಲ್ಲಿ ನೀರು ನೋಡಿ, ಬ್ರೇಕ್ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ವ್ಯಾಕ್ಯೂಮ್ ಬಂತು. ಬ್ಯಾಟರಿ ಲೈಟ್ ಆರಬೇಕು. ಹೆಡ್‌ಲೈಟ್ ಹಾಕಿ ಆಕ್ಸಿಲರೇಟರ್ ಕೊಡಿ. ಕಿರ್ರೆಂದು ಕಿರುಚಿದರೆ ಬೆಲ್ಟ್ ಇನ್ನೂ ಸಡಿಲ. ಹೊಸ ಬೆಲ್ಟ್ ಓಡಿದ ಮೇಲೆ ಸ್ವಲ್ಪ ಎಳೆದುಕೊಳ್ಳುತ್ತದೆ, ಪಾತ್ರೆ ಇಳಿಸುವಾಗ ಇನ್ನೊಂದು ಸಲ ಒತ್ತಿ ನೋಡುವುದು ನನ್ನ ರೂಢಿ.

ಈಗಿನ ಕಾರುಗಳಲ್ಲಿ ಗೀರುಗೀರಾದ ಅಗಲದ ಬೆಲ್ಟ್ ಇರುತ್ತದೆ. ಬಹಳಷ್ಟರಲ್ಲಿ ಟೆನ್ಷನರ್ ತಾನೇ ಬಿಗಿ ಹಿಡಿಯುತ್ತದೆ. ಬೆಲ್ಟ್ ಸುತ್ತುವ ದಾರಿ ತಪ್ಪಿದರೆ ಪಂಪ್ ಉಲ್ಟಾ ತಿರುಗಬಹುದು, ಅದಕ್ಕೇ ಗಾಡಿ ಚೆನ್ನಾಗಿರುವಾಗಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ತೆರೆಯಿಸುವ ಟೈಮಿಂಗ್ ಬೆಲ್ಟ್ ಇದಲ್ಲ. ಅದು ಹರಿದರೆ ಇಂಜಿನ್ನೇ ನಿಲ್ಲುತ್ತದೆ. ಆಗ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ವಾಲ್ವ್ ಬಾಗಬಹುದು.

ಹಗ್ಗ, ಪಂಚೆ ಅಂಚು ಕಟ್ಟಿ ಓಡಿಸಿದೆ ಅನ್ನುವವರ ಮಾತು ನಾನು ನಂಬುವುದಿಲ್ಲ. ಸೀಟಿನ ಕೆಳಗೆ ಒಂದು ಬೆಲ್ಟ್ ಇರಲಿ. ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಗೆ ಹೋದಾಗ ಬರೀ ಗಾಡಿ ಹೆಸರು ಹೇಳಿ ಕೇಳಬೇಡಿ, ಎಸಿ ಇದ್ದರೆ ಒಂದು ಸೈಜು, ಇಲ್ಲದಿದ್ದರೆ ಇನ್ನೊಂದು ಇರಬಹುದು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಬೆನ್ನ ಮೇಲಿನ ನಂಬರ್ ತೋರಿಸಿ. 6ಪಿಕೆ 1200 ಅಂತಿದ್ದರೆ ಆರು ಗೀರು, 1200 ಮಿಲಿಮೀಟರ್ ಉದ್ದ ಅಂತ. ನಂಬರ್ ಅಳಿಸಿಹೋಗಿದ್ದರೆ ಅಂಗಡಿಯವರು ಎರಡನ್ನೂ ಜೋಡಿಸಿ ಹಿಡಿದು ಅಳೆದೇ ಕೊಡುತ್ತಾರೆ.