ಕೋನ್ ಫಿಲ್ಟರಿಗೆ ಪೆಟ್ಟಿಗೆ ಕಟ್ಟಿದೆ: ಆಗುಂಬೆಯ ಮಳೆಗೂ ಸಂಡೂರಿನ ಧೂಳಿಗೂ ಒಂದೇ ಉತ್ತರ

ಇಂಜಿನ್ನಿಗೆ ಹೋಗುವ ಗಾಳಿ ಸೋಸಲು ಕಂಪನಿ ಕೊಟ್ಟ ಮುಚ್ಚಿದ ಏರ್ ಬಾಕ್ಸ್ ತೆಗೆದು, ತೆರೆದೇ ಇರುವ ಶಂಕುವಿನಾಕಾರದ ಕೋನ್ ಫಿಲ್ಟರ್ ಹಾಕಿಸಿಕೊಂಡವರಿಗೆ ನಮ್ಮ ಶಿವಮೊಗ್ಗದ ಮೆಕ್ಯಾನಿಕ್‌ಗಳು ಕೊಡುವ ಸಲಹೆ ಒಂದೇ: ‘ಜೂನ್ ಬರುವುದರೊಳಗೆ ಹಳೆಯದನ್ನೇ ಕೂರಿಸಿಬಿಡಿ ಸಾರ್.’ ನಾನು ಕೂರಿಸಲಿಲ್ಲ. ಹೋದ ಮಳೆಗಾಲವಿಡೀ ನನ್ನ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್ ಅದೇ ಕೋನ್ ಫಿಲ್ಟರ್ ಇಟ್ಟುಕೊಂಡು ಆಗುಂಬೆ ಘಾಟಿ ಇಳಿದು ಹೆಬ್ರಿ, ಉಡುಪಿ ಕಡೆ ಓಡಾಡಿದೆ. ಬೇಸಿಗೆಯಲ್ಲಿ ಚಿತ್ರದುರ್ಗ, ಕೂಡ್ಲಿಗಿ ಹಾದು ಸಂಡೂರಿನ ಅದಿರು ಲಾರಿಗಳ ಬೆನ್ನ ಹಿಂದೆ ಕೆಂಧೂಳಿನಲ್ಲಿ ತೆವಳಿದೆ. ಕೋನಿನ ಸುತ್ತ ಪೆಟ್ಟಿಗೆ ಕಟ್ಟಿದ ಮೇಲೆ, ಫಿಲ್ಟರ್ ದಾಟಿದ ನಂತರದ ಪೈಪಿನಲ್ಲಿ ಇವತ್ತಿಗೂ ನೀರಿನ ಕಲೆಯಿಲ್ಲ, ಕೆಮ್ಮಣ್ಣಿಲ್ಲ. ಇದು ಆಗದ ಕೆಲಸ ಎಂದಿದ್ದವರೇ ಈಗ ಬಾನೆಟ್ ಎತ್ತಿಸಿ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದಾರೆ.

ಮಳೆಗೂ ಧೂಳಿಗೂ ಬೇರೆ ಬೇರೆ ಮದ್ದು ಹುಡುಕುವುದರಲ್ಲೇ ಎಲ್ಲರ ಹಣ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ಏಳು ಸಾವಿರ ಮಿಲಿಮೀಟರ್ ಮಳೆ. ಅಲ್ಲಿ ಹನಿಗಿಂತ ಎದುರಿನ ಬಸ್ಸಿನ ಚಕ್ರ ಎರಚುವ ಕೆಸರುನೀರೇ ದೊಡ್ಡ ಶತ್ರು. ಸಂಡೂರಿನ ಧೂಳೋ, ಬೆರಳಿಗೆ ತಾಗಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ನೀರಿಗೆಂದು ಬಿಗಿಯಾದ ಬಟ್ಟೆ ಸುತ್ತಿದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಧೂಳು ಅಂಟಲೆಂದು ಫಿಲ್ಟರಿನ ಬಟ್ಟೆಗೆ ಎಣ್ಣೆ ಹೆಚ್ಚಿಸಿದರೆ ಮತ್ತೊಂದು ತೊಂದರೆ.

ಮೊದಲು ಕೈಕೊಟ್ಟದ್ದು ಉದ್ದ ಪೈಪಿನ ಕಿಟ್. ಹೊರಗಿನ ತಣ್ಣನೆಯ ಗಾಳಿ ಸಿಗುತ್ತದೆಂದು ಅದನ್ನು ಮಾರುವವರು ಫಿಲ್ಟರನ್ನು ಬಂಪರಿನ ಹಿಂದೆ, ಫಾಗ್ ಲ್ಯಾಂಪಿನ ಎತ್ತರದಲ್ಲಿ ಕೂರಿಸುತ್ತಾರೆ. ಗಾಳಿ ತಣ್ಣಗಿರುವುದು ನಿಜ. ಆದರೆ ಘಾಟಿ ಇಳಿದ ಮೇಲೆ ರಸ್ತೆಯಲ್ಲಿ ನಿಂತ ನೀರು ಬಂಪರ್ ತಟ್ಟಿದ ಕ್ಷಣವೇ ಇಂಜಿನ್ ಕೆಮ್ಮಿ ನಿಂತಿತು. ಮತ್ತೆ ಕೀ ತಿರುಗಿಸದೆ ಟೋಯಿಂಗ್ ಗಾಡಿ ಕರೆಸಿದ್ದರಿಂದ ಪಿಸ್ಟನ್ನಿಗೆ ಕೂಡುವ ಕನೆಕ್ಟಿಂಗ್ ರಾಡ್ ಬಾಗದೆ ಉಳಿಯಿತು. ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬಿಚ್ಚಿ ಸ್ಟಾರ್ಟರ್ ಹೊಡೆದಾಗ ಎರಡು ಸಿಲಿಂಡರಿನಿಂದ ನೀರು ಚಿಮ್ಮಿತು. ಟೋಯಿಂಗ್, ಆಯಿಲ್, ಪ್ಲಗ್ ಎಲ್ಲ ಸೇರಿ ಆರೇಳು ಸಾವಿರ ಕೈಬಿಟ್ಟಿತು. ಇಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಳ್ಳದಿದ್ದರೆ ಸಾಮಾನ್ಯ ವಿಮೆಯಲ್ಲಿ ಇಂಜಿನ್ನಿಗೆ ನೀರು ನುಗ್ಗಿದ ನಷ್ಟ ಸಿಗುವುದಿಲ್ಲ. ಕೋನ್ ಹಾಕುವವರು ಮೊದಲು ಆ ಕಾಗದ ನೋಡಿಕೊಳ್ಳಲಿ. ಎಂಟು ಸಾವಿರದ ಆ ಕಿಟ್ಟಿನಲ್ಲಿ ಈಗ ನನ್ನ ಬಳಿ ಉಳಿದಿರುವುದು ಕ್ಲ್ಯಾಂಪುಗಳು ಮಾತ್ರ.

ಫಿಲ್ಟರನ್ನು ಬಂಪರಿನ ಹಿಂದಿನಿಂದ ತೆಗೆದು ಮೇಲಕ್ಕೆ, ಬಾನೆಟ್ಟಿನ ಕೆಳಗೆ ತಂದೆ. ಆಮೇಲೆ ಹೊದಿಕೆಗಳ ಸರದಿ. ನೀರು ತಡೆಯುವ ತೆಳುವಾದ ಜಾಲಿಬಟ್ಟೆಯ ಚೀಲ, ಸೊಳ್ಳೆಪರದೆಯ ಬಲೆ ಎರಡು ಪದರ, ಸ್ಪಂಜಿನ ಚೀಲ ಎಲ್ಲವನ್ನೂ ಹಾಕಿ ನೋಡಿದೆ. ಹಾಕಿ ನೋಡಿದೆ ಎಂದರೆ ಸುಮ್ಮನೆ ಓಡಿಸಿ ‘ಪಿಕಪ್ ಪರವಾಗಿಲ್ಲ’ ಎನ್ನುವುದಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಟ್ಯೂಬನ್ನು ಫಿಲ್ಟರ್ ಹಿಂದಿನ ಪೈಪಿಗೆ ಸೇರಿಸಿ, ಇನ್ನೊಂದು ತುದಿ ಕಾರಿನೊಳಗೆ ತಂದು, ಯು ಆಕಾರದಲ್ಲಿ ಹಲಗೆಗೆ ಬಿಗಿದು ಶಾಯಿ ಬೆರೆಸಿದ ನೀರು ತುಂಬಿದೆ. ಮೂರನೇ ಗೇರಿನಲ್ಲಿ ಇಂಜಿನ್ನನ್ನು ಆರು ಸಾವಿರ ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರಿಸಿದಾಗ ಎರಡು ಬದಿಯ ನೀರಿನ ಎತ್ತರದ ಅಂತರವನ್ನು ಪಕ್ಕದಲ್ಲಿ ಕುಳಿತ ತಮ್ಮ ಓದುತ್ತಿದ್ದ. ಅಂತರ ಹೆಚ್ಚಿದಷ್ಟೂ ಇಂಜಿನ್ನಿನ ಉಸಿರಿಗೆ ಅಡ್ಡಿ ಹೆಚ್ಚು ಎಂದರ್ಥ. ನೂರು ರೂಪಾಯಿ ಖರ್ಚಿಲ್ಲದ ಈ ಉಪಕರಣ ಇಲ್ಲದೆ ಯಾರೂ ಇನ್‌ಟೇಕ್, ಅಂದರೆ ಇಂಜಿನ್ ಗಾಳಿ ಎಳೆಯುವ ದಾರಿಯ ವಿಷಯ ಮಾತನಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರಿ ಕೋನ್ ಇದ್ದಾಗ ಆರೇಳು ಸೆಂಟಿಮೀಟರ್. ಒಣಗಿದ ಜಾಲಿಚೀಲ ಹಾಕಿದರೆ ಎಂಟು. ಅದೇ ಚೀಲ ಕೆಸರುನೀರು ಕುಡಿದ ಮೇಲೆ ಇಪ್ಪತ್ತು ದಾಟಿತು. ಒದ್ದೆ ಸ್ಪಂಜು ಅದಕ್ಕಿಂತಲೂ ಕೆಟ್ಟದ್ದು. ಅಲ್ಲಿಗೆ ಹೊದಿಕೆಯ ದಾರಿ ಮುಚ್ಚಿತು. ಒಣ ಧೂಳಿನಲ್ಲಿ ಅದಕ್ಕೆ ಕೆಲಸವಿದೆ, ಮಳೆಯಲ್ಲಿ ಇಲ್ಲ.

ನಡುವೆ ಎರಡು ಅಡ್ಡ ಪ್ರಯೋಗ. ಟ್ರ್ಯಾಕ್ಟರಿನ ತಲೆಯ ಮೇಲೆ ಗಾಳಿಯನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಪಾರದರ್ಶಕ ಬಟ್ಟಲು ಇರುತ್ತದಲ್ಲ, ಅದನ್ನು ಹಳೆಯ ಸಾಮಾನಿನ ಅಂಗಡಿಯಿಂದ ನಾನೂರು ರೂಪಾಯಿಗೆ ತಂದು ಜೋಡಿಸಿದೆ. ಬಾನೆಟ್ ತೆರೆದಿಟ್ಟು ಹಿತ್ತಲಿನಲ್ಲಿ ಇಂಜಿನ್ ಓಡಿಸಿ ಬೂದಿ ತೂರಿದಾಗ ಅದು ಬೂದಿಯನ್ನು ಚೆನ್ನಾಗಿಯೇ ಹಿಡಿಯಿತು. ಆದರೆ ಬಾನೆಟ್ ಮುಚ್ಚುವುದಿಲ್ಲ. ಎರಡನೆಯದು ಎಣ್ಣೆ ಬಟ್ಟಲು. ಹಳೆಯ ಅಂಬಾಸಡರಿನಲ್ಲಿ ಗಾಳಿ ಎಣ್ಣೆಯ ಮೇಲೆ ಹಾದು ಧೂಳು ಬಿಟ್ಟು ಹೋಗುತ್ತಿತ್ತು. ಅಂಥದ್ದೇ ಚಿಕ್ಕದೊಂದನ್ನು ಮಾಡಿಸಿದೆ. ನೇರ ರಸ್ತೆಯಲ್ಲಿ ಸೊಗಸು. ಆಗುಂಬೆಯ ತಿರುವುಗಳಲ್ಲಿ ಎಣ್ಣೆ ತುಳುಕಿ ಪೈಪಿಗೇ ಏರಿತು, ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಅದರ ಕಥೆ ಅಲ್ಲಿಗೇ ಮುಗಿಯಿತು.

ದಾರಿ ಸಿಕ್ಕಿದ್ದು ಲೆಕ್ಕ ಹಾಕಿದಾಗ. 1.2 ಲೀಟರ್ ಇಂಜಿನ್ ಆರು ಸಾವಿರ ಆರ್‌ಪಿಎಂನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ ಐವತ್ತು ಲೀಟರ್ ಗಾಳಿ ಎಳೆಯುತ್ತದೆ. ಅರವತ್ತು ಮಿಲಿಮೀಟರಿನ ಪೈಪಿನಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ ಹದಿನೆಂಟು ಮೀಟರ್. ಎಂಥ ದಪ್ಪ ಹನಿಯನ್ನೂ ಅದು ಎತ್ತಿಕೊಂಡು ಹೋಗುತ್ತದೆ. ಅದೇ ಗಾಳಿಯನ್ನು ಮುನ್ನೂರು ಚದರ ಸೆಂಟಿಮೀಟರ್ ಅಗಲದ ಜಾಗದಲ್ಲಿ ಮೇಲಕ್ಕೆ ಏರಿಸಿದರೆ ವೇಗ ಎರಡು ಮೀಟರಿಗಿಂತ ಕೆಳಗಿಳಿಯುತ್ತದೆ. ಮಳೆಹನಿ ಬೀಳುವ ವೇಗ ಅದಕ್ಕಿಂತ ಹೆಚ್ಚು, ಆದ್ದರಿಂದ ಹನಿ ಕೆಳಗೇ ಉಳಿಯುತ್ತದೆ. ದಪ್ಪ ಧೂಳಿನ ಕಣವೂ ಅಷ್ಟೇ. ಅಂದರೆ ಫಿಲ್ಟರನ್ನು ಕಾಯಬೇಕಾದದ್ದು ಬಟ್ಟೆಯಲ್ಲ, ಖಾಲಿ ಜಾಗ.

ಬ್ಯಾಟರಿ ಪಕ್ಕದ ಮೂಲೆಗೆ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಒಂದೂವರೆ ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನಲ್ಲಿ ಹತ್ತು ಲೀಟರ್ ಆಸುಪಾಸಿನ ಪೆಟ್ಟಿಗೆ ಮಾಡಿಸಿದೆ. ಮಡಚಿ ರಿವೆಟ್ ಹೊಡೆದು ಸಂದುಗಳಿಗೆ ಸಿಲಿಕೋನ್ ತುಂಬಿದ್ದೇವೆ. ವೆಲ್ಡಿಂಗ್ ಬೇಡ, ತೆಳು ತಗಡು ಸೊಟ್ಟಗಾಗುತ್ತದೆ. ಗಾಳಿಯ ಬಾಯಿ ಕೆಳಗಡೆ ಪಕ್ಕದಲ್ಲಿ, ಗ್ರಿಲ್ಲಿಗೆ ನೇರ ಎದುರಾಗದಂತೆ. ಒಳಗೆ ಬಂದ ಗಾಳಿ ಮೊದಲು ಓರೆಯಾಗಿ ನಿಲ್ಲಿಸಿದ ತಡೆತಗಡಿಗೆ ಬಡಿದು, ತಿರುಗಿ, ಮೇಲೇರಿ ಕೋನ್ ತಲುಪುತ್ತದೆ. ಆ ತಡೆತಗಡಿನ ಓರೆ ಎಷ್ಟು, ಅದರ ಅಂಚನ್ನು ಹೇಗೆ ಮಡಚಿದ್ದೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಒಂದು ಬೇಸಿಗೆ ಅದಕ್ಕೇ ಹೋಗಿದೆ. ನೀರು ಇಳಿಯುವ ಅಂಚು ಚಪ್ಪಟೆಯಾಗಿ ಇರಬಾರದು ಎಂಬಷ್ಟು ಸುಳಿವು ಸಾಕು, ಕೈಪಳಗಿದವರಿಗೆ ಅರ್ಥವಾಗುತ್ತದೆ.

ನೀರು ಹೊರಹೋಗುವ ತೂತೇ ಎಲ್ಲಕ್ಕಿಂತ ಹೆಚ್ಚು ಕಾಡಿತು. ತಳಕ್ಕೆ ಬರಿ ತೂತು ಕೊರೆದರೆ ಇಂಜಿನ್ ಎಳೆತಕ್ಕೆ ಅಲ್ಲಿಂದಲೂ ಗಾಳಿ ಒಳಗೆ ನುಗ್ಗಿ, ಇಳಿಯಬೇಕಾದ ನೀರನ್ನು ಗುಳ್ಳೆಯೆಬ್ಬಿಸಿ ಮೇಲಕ್ಕೆ ಸಿಡಿಸುತ್ತದೆ. ಬೇಸಿಗೆಯಲ್ಲಿ ಅದೇ ತೂತಿನಿಂದ ಧೂಳು. ಕೊನೆಗೆ ಬಾತುಕೋಳಿ ಕೊಕ್ಕಿನಂತೆ ತುಟಿ ಮುಚ್ಚಿಕೊಂಡಿರುವ ರಬ್ಬರ್ ವಾಲ್ವ್ ಹಾಕಿದೆ. ಎಳೆತವಿದ್ದಾಗ ಮುಚ್ಚುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ನೀರಿನ ಭಾರಕ್ಕೆ ತೆರೆದುಕೊಳ್ಳುತ್ತದೆ. ಗುಜರಿಗೆ ಹೋದ ಟ್ರ್ಯಾಕ್ಟರುಗಳ ಏರ್ ಕ್ಲೀನರಿನಲ್ಲಿ ಸಿಗುತ್ತದೆ, ಮೂವತ್ತೋ ನಲವತ್ತೋ ರೂಪಾಯಿ. ಪೆಟ್ಟಿಗೆಯ ತಳ ಆ ಕಡೆಗೇ ಇಳಿಜಾರಾಗಿರಬೇಕು, ಅದೂ ಕಾರು ಘಾಟಿ ಹತ್ತುವಾಗಿನ ಓರೆಯನ್ನು ಲೆಕ್ಕಕ್ಕೆ ಹಿಡಿದು.

ಮುಚ್ಚಳಕ್ಕೆ ಒಳಗಿನದು ಕಾಣಲೆಂದು ಮೊದಲು ಅಕ್ರಿಲಿಕ್ ಹಾಕಿದ್ದೆ. ಬಾನೆಟ್ ಬಿಸಿಗೆ ಬಾಗಿತು. ಪಾಲಿಕಾರ್ಬನೇಟ್ ನಿಂತಿದೆ. ಸುತ್ತ ಬಾಗಿಲಿನ ಬೀಡಿಂಗ್ ರಬ್ಬರ್. ಕಣ್ಣಿಗೆ ಕಾಣುವ ಪೆಟ್ಟಿಗೆ ಇದ್ದುದರಿಂದಲೇ ಬಾಯಿಯ ಮುಂದೆ ಮಗ್ಗುಗಟ್ಟಲೆ ನೀರು ಎರಚಿ, ಹನಿ ಎಲ್ಲಿಯವರೆಗೆ ಏರುತ್ತದೆ ಎಂದು ನೋಡಲು ಸಾಧ್ಯವಾಯಿತು. ಬಾಯಿ ಪೂರ್ತಿ ಮುಳುಗಿದರೆ ಇದೂ ಕಾಪಾಡುವುದಿಲ್ಲ. ಚಕ್ರದ ಅರ್ಧ ಮುಚ್ಚುವ ನೀರಿಗೆ ನಾನು ಇಳಿಯುವುದಿಲ್ಲ.

ಧೂಳಿನ ಪರೀಕ್ಷೆ ಸುಲಭ. ಫಿಲ್ಟರ್ ಹಿಂದಿನ ಪೈಪಿನೊಳಗೆ ಬೆರಳಗಲ ಬಿಳಿ ಗ್ರೀಸ್ ತೆಳುವಾಗಿ ಸವರಿ, ಸಂಡೂರಿಗೆ ಹೋಗಿಬಂದು ಬಿಳಿ ಬಟ್ಟೆಯಲ್ಲಿ ಒರೆಸಬೇಕು. ಬರಿ ಕೋನ್ ಇದ್ದಾಗ ಬಟ್ಟೆಗೆ ಕೆಂಪು ಬಂದಿತ್ತು. ಈಗ ಬರುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಕೋನಿನ ಮೇಲೆ ಎಣ್ಣೆ ಹಿಂಡಿದ ಸ್ಪಂಜಿನ ಚೀಲ ತೊಡಿಸುತ್ತೇನೆ. ಯಾವ ಎಣ್ಣೆಗೆ ಯಾವುದನ್ನು ಬೆರೆಸುತ್ತೇನೆ ಎಂಬುದು ನನ್ನ ಬಳಿಯೇ ಇರಲಿ. ಕೋನಿನ ಹತ್ತಿಬಟ್ಟೆಗೆ ಎಣ್ಣೆ ಹೆಚ್ಚು ಮಾಡಬೇಡಿ. ಗೆಳೆಯನೊಬ್ಬನ ಡೀಸೆಲ್ ಕಾರಿನಲ್ಲಿ ಆ ಎಣ್ಣೆ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರಿಗೆ ಮೆತ್ತಿ, ಚೆಕ್ ಇಂಜಿನ್ ದೀಪ ಹೊತ್ತಿ, ಸೆನ್ಸರಿಗೇ ನಾಲ್ಕೈದು ಸಾವಿರ ಹೋಯಿತು. ಗ್ಯಾರೇಜಿನ ಕಂಪ್ರೆಸರ್ ಗಾಳಿಯನ್ನೂ ಕೋನಿಗೆ ಹೊಡೆಸಬೇಡಿ, ಎಳೆಗಳ ನಡುವೆ ಕಿಂಡಿ ಬೀಳುತ್ತದೆ. ತೊಳೆದು ನೆರಳಿನಲ್ಲೇ ಒಣಗಿಸಬೇಕು. ಮಲೆನಾಡಿನ ಜುಲೈಯಲ್ಲಿ ಅದು ಎರಡು ದಿನವಾದರೂ ಒಣಗುವುದಿಲ್ಲವಾದ್ದರಿಂದ ಇನ್ನೊಂದು ಕೋನ್ ಕೈಯಲ್ಲಿ ಇರಲೇಬೇಕು.

ಖರ್ಚು ನೆನಪಿನಿಂದ ಹೇಳುತ್ತೇನೆ. ತಗಡು, ಪಾಲಿಕಾರ್ಬನೇಟ್, ಬೀಡಿಂಗ್, ರಿವೆಟ್ ಸೇರಿ ಎರಡು ಸಾವಿರದ ಚಿಲ್ಲರೆ. ಟಿಂಕರಿಂಗ್ ಕೆಲಸದವರ ಕೂಲಿ ಒಂದೂವರೆ ಸಾವಿರ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಸಿಲಿಕೋನ್ ಹೋಸಿಗೆ ಏಳೆಂಟು ನೂರು. ಐದು ಸಾವಿರದೊಳಗೆ ಮುಗಿದ ಕೆಲಸಕ್ಕೆ ಮೊದಲು ಕಿಟ್ಟು, ಚೀಲ, ರಿಪೇರಿ ಎಂದು ಅದರ ಮೂರು ಪಾಲಿಗಿಂತ ಹೆಚ್ಚು ಸುರಿದಿದ್ದೇನೆ.

ಬಯಸದೇ ಸಿಕ್ಕ ಲಾಭವೂ ಒಂದಿದೆ. ತೆರೆದ ಕೋನ್ ಟ್ರಾಫಿಕ್ಕಿನಲ್ಲಿ ಇಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತಿತ್ತು. ಕಾರಿನ ಕಂಪ್ಯೂಟರಿಗೆ ಸೇರಿಸುವ ಸ್ಕ್ಯಾನರಿನಲ್ಲಿ ಆ ಗಾಳಿಯ ತಾಪ ಅರವತ್ತು ಡಿಗ್ರಿ ದಾಟಿದ್ದನ್ನು ನೋಡಿದ್ದೇನೆ. ಈಗ ಓಡುವಾಗ ಹೊರಗಿನ ತಾಪಕ್ಕಿಂತ ಎಂಟು ಹತ್ತು ಡಿಗ್ರಿ ಮಾತ್ರ ಹೆಚ್ಚು. ನೀರಿನ ಟ್ಯೂಬಿನಲ್ಲಿ ನೋಡಿದರೆ ಪೆಟ್ಟಿಗೆಯಿಂದ ಹೆಚ್ಚಿದ ಅಂತರ ಒಂದೂವರೆ ಸೆಂಟಿಮೀಟರ್. ಹೋದದ್ದು ಕೋನಿನ ಗರ್ಜನೆ ಒಂದೇ. ಅದಕ್ಕಾಗಿಯೇ ಕೋನ್ ಹಾಕಿಸಿದವರಿಗೆ ಈ ಪೆಟ್ಟಿಗೆ ಹಿಡಿಸುವುದಿಲ್ಲ.

ಆ ಡೀಸೆಲ್ ಗೆಳೆಯನಿಗೂ ಈಗ ಒಂದನ್ನು ಕಟ್ಟುತ್ತಿದ್ದೇನೆ. ಟರ್ಬೊ ಎಳೆಯುವ ಗಾಳಿ ಹೆಚ್ಚು, ಜಾಗ ಕಡಿಮೆ. ರಟ್ಟಿನ ಮಾದರಿಯನ್ನು ಮತ್ತೆ ಮತ್ತೆ ಬದಲಿಸಿ, ಬ್ಯಾಟರಿಯನ್ನೇ ಡಿಕ್ಕಿಗೆ ಸಾಗಿಸುವುದೆಂದು ತೀರ್ಮಾನಿಸಿದ್ದೇವೆ. ಅದರ ದಪ್ಪ ಕೇಬಲ್ಲಿಗೆ ಎಷ್ಟಾಗುತ್ತದೆ ಎಂದು ಬೆಲೆ ಕೇಳಿ ಇಟ್ಟಿದ್ದೇನೆ, ಜೂನ್ ಒಳಗೆ ಮುಗಿಸಬೇಕು.