ಕಾರಿನ ಎಸಿಗೆ ಗ್ಯಾಸ್ ತುಂಬಿಸಿದರೂ ತಂಪಾಗುತ್ತಿಲ್ಲವೇ?

ಗ್ಯಾಸ್ ಕ್ಯಾನ್ ಅರ್ಧ ಖಾಲಿಯಾಗಿದೆ, ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪು ಪಟ್ಟಿಗೆ ಏರಿದೆ, ಕಾರಿನೊಳಗೆ ಮಾತ್ರ ಬಿಸಿಗಾಳಿ. ಮನೆಯಲ್ಲೇ ಆರ್-134ಎ ಎಂಬ ಎಸಿ ಗ್ಯಾಸ್ ತುಂಬಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ. ಮುಳ್ಳನ್ನು ನಂಬುವ ಮೊದಲು, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ನೋಡಿ.

ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಬ್ಲೋವರ್ ಪೂರ್ತಿ ಏರಿಸಿ. ಬೆಲ್ಟ್ ಸುತ್ತುವ ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ, ಅದು ಲೆಕ್ಕಕ್ಕಿಲ್ಲ. ಅದರ ಮುಂದಿನ ತಟ್ಟೆ, ಅಂದರೆ ಕ್ಲಚ್, ‘ಟಕ್’ ಎಂದು ಕಚ್ಚಿಕೊಂಡು ತಿರುಗಬೇಕು. (ಕ್ಲಚ್ ಇಲ್ಲದ ಕಂಪ್ರೆಸರ್ ಇರುವ ಕಾರುಗಳಲ್ಲಿ ಈ ಸದ್ದು ಬರುವುದಿಲ್ಲ.) ಕಂಪ್ರೆಸರ್ ನಿಂತಿದ್ದರೆ ಎಸಿಯ ಎರಡೂ ಕೊಳವೆಗಳ (ಕಡಿಮೆ ಒತ್ತಡದ್ದು, ಹೆಚ್ಚು ಒತ್ತಡದ್ದು) ಒತ್ತಡ ಸಮವಾಗುತ್ತದೆ. ಹೊರಗೆ 30 ಡಿಗ್ರಿ ಇದ್ದಾಗ ಅದು ಸುಮಾರು 95 ಪಿಎಸ್‌ಐ (ಒತ್ತಡದ ಅಳತೆ). ಅಂದರೆ ಮುಳ್ಳು ಕೆಂಪಿನಲ್ಲಿರುವುದು ಗ್ಯಾಸ್ ತುಂಬಿದ್ದಕ್ಕಲ್ಲ, ಕಂಪ್ರೆಸರ್ ಓಡದಿರುವುದಕ್ಕೆ. ಆಗ ಫ್ಯೂಸ್, ರಿಲೇ, ಕ್ಲಚ್ಚಿನ ವೈರ್ ನೋಡಿ. ನಿಂತಾಗಲೂ ಒತ್ತಡ 30ರ ಆಸುಪಾಸಿಗೆ ಇಳಿದಿದ್ದರೆ ಮಾತ್ರ, ಗ್ಯಾಸ್ ಸಾಲದೆ ಪ್ರೆಷರ್ ಸ್ವಿಚ್ಚೇ ಕಂಪ್ರೆಸರನ್ನು ತಡೆದಿರಬಹುದು.

ಕ್ಯಾನಿನ ಜೋಡಣೆ ‘ಎಲ್’ (ಕಡಿಮೆ ಒತ್ತಡ) ಮುಚ್ಚಳವಿರುವ ದಪ್ಪ ಕೊಳವೆಗೇ ಇರಲಿ. ‘ಎಚ್’ (ಹೆಚ್ಚು ಒತ್ತಡ) ಕಡೆ ಒತ್ತಡ 200 ಪಿಎಸ್‌ಐ ದಾಟುತ್ತದೆ, ಅಲ್ಲಿಗೆ ಜೋಡಿಸಿದ ಕ್ಯಾನ್ ಸಿಡಿಯಬಹುದು. ಕ್ಯಾನಿನ ಪೈಪಿನ ತುದಿಯ ಕಪ್ಲರ್ ಕೂರುತ್ತಿಲ್ಲವೆಂದು ಬಲವಂತ ಮಾಡಬೇಡಿ. ಈ ಗ್ಯಾಸ್ ಕುದಿಯುವುದು ಮೈನಸ್ 26 ಡಿಗ್ರಿಗೆ, ಹಾಗಾಗಿ ಕನ್ನಡಕ, ಕೈಗವಸು ಬೇಕೇ ಬೇಕು. ಕ್ಯಾನ್ ನೆಟ್ಟಗಿರಲಿ. ತಲೆಕೆಳಗು ಹಿಡಿದರೆ ದ್ರವವೇ ಒಳನುಗ್ಗಿ ಕಂಪ್ರೆಸರಿಗೆ ಪೆಟ್ಟಾಗುತ್ತದೆ.

ಕಂಪ್ರೆಸರ್ ಓಡುತ್ತಿದ್ದರೆ ಎಂಜಿನ್ 1,500 ಆರ್‌ಪಿಎಂನಲ್ಲಿಟ್ಟು ಮುಳ್ಳು ಓದಿ. 30 ಡಿಗ್ರಿ ಬಿಸಿಲಿಗೆ 30ರಿಂದ 45 ಪಿಎಸ್‌ಐ ಸರಿಸುಮಾರು ಸರಿ.

25ಕ್ಕಿಂತ ಕೆಳಗಿದ್ದು ಕಂಪ್ರೆಸರ್ ಕೆಲವೇ ಸೆಕೆಂಡಿಗೊಮ್ಮೆ ಕಚ್ಚಿ ಬಿಡುತ್ತಿದ್ದರೆ ಗ್ಯಾಸ್ ಇನ್ನೂ ಕಡಿಮೆ. ಹತ್ತು ಸೆಕೆಂಡ್ ಗ್ಯಾಸ್ ಒಳಬಿಟ್ಟು, ಒಂದೆರಡು ನಿಮಿಷ ಕಾದು, ಮತ್ತೆ ನೋಡಿ.

55 ದಾಟಿದ್ದರೆ ಕಾರಿನ ಮುಂಭಾಗದ ಫ್ಯಾನ್ ತಿರುಗುತ್ತಿದೆಯೇ ಎಂದು ಬಗ್ಗಿ ನೋಡಿ. ಗ್ಯಾಸಿನ ಶಾಖ ಹೊರಬಿಡುವ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿ. ಒಡನೆಯೇ ತಂಪೇರಿ ಮುಳ್ಳು ಇಳಿದರೆ ತಪ್ಪು ಫ್ಯಾನಿನದು ಅಥವಾ ಕಂಡೆನ್ಸರಿಗೆ ಕಟ್ಟಿದ ದೂಳಿನದು. ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ಎನ್ನುವ ದೂರಿನ ಮೂಲವೂ ಸಾಮಾನ್ಯವಾಗಿ ಇದೇ. ನೀರಿಗೂ ಬಗ್ಗದಿದ್ದರೆ ಗ್ಯಾಸ್ ಹೆಚ್ಚಾಗಿದೆ ಅಥವಾ ಕಂಪ್ರೆಸರ್ ಸವೆದಿದೆ. ಎರಡರಲ್ಲಿ ಯಾವುದೆಂದು ತಿಳಿಯಲು ಎರಡೂ ಕೊಳವೆಗಳ ಒತ್ತಡ ಒಟ್ಟಿಗೆ ತೋರಿಸುವ ಜೋಡಿ ಗೇಜ್ ಬೇಕು.

ಮೊದಲು ತಂಪಾಗಿ, ಕ್ರಮೇಣ ಮುಳ್ಳು ಸೊನ್ನೆಗಿಂತ ಕೆಳಗೆ ಜಾರಿ, ಆಫ್ ಮಾಡಿ ಬಿಟ್ಟ ಮೇಲೆ ಮತ್ತೆ ಸರಿಹೋದರೆ ಒಳಗೆ ತೇವವಿದೆ. ಅದು ಗ್ಯಾಸಿನ ಇಕ್ಕಟ್ಟು ದಾರಿಯಾದ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ತೇವ ಹೀರುವ ಡ್ರೈಯರ್ ಬದಲಿಸಿ, ಪಂಪಿನಿಂದ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ವ್ಯಾಕ್ಯೂಮ್ ಎಳೆಯದೆ ಇದಕ್ಕೆ ಮದ್ದಿಲ್ಲ. ಪೂರ್ತಿ ಖಾಲಿಯಾಗಿದ್ದ ಎಸಿಗೂ ಇದೇ ನಿಯಮ.

ಒತ್ತಡಕ್ಕಿಂತ ತೂಕದ ಲೆಕ್ಕ ಗಟ್ಟಿ. ಎಷ್ಟು ಗ್ಯಾಸ್ ಬೇಕೆಂದು ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. ಅನೇಕ ಸಣ್ಣ ಕಾರುಗಳಿಗೆ 350ರಿಂದ 500 ಗ್ರಾಂ ಅಷ್ಟೆ. ಅರ್ಧ ಉಳಿದಿದ್ದ ಎಸಿಗೆ 450 ಗ್ರಾಂ ಕ್ಯಾನ್ ಪೂರ್ತಿ ಸುರಿದರೆ ತಂಪು ಕಡಿಮೆಯಾಗುವುದೇ ಹೊರತು ಹೆಚ್ಚುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಕ್ಯಾನನ್ನು ಮೊದಲೂ ಆಮೇಲೂ ತೂಗಿ. ಹೆಚ್ಚಾಗಿದ್ದನ್ನು ಗಾಳಿಗೆ ಬಿಡಬೇಡಿ, ಗ್ಯಾರೇಜಿನ ರಿಕವರಿ ಯಂತ್ರದಲ್ಲಿ ತೆಗೆಸಿ.

ಸೋರಿಕೆ ಮುಚ್ಚುವ ಅಂಟು ಬೆರೆಸಿದ ಕ್ಯಾನ್ ಬೇಡ. ಅದು ಕಾರಿನ ವಾಲ್ವನ್ನೂ ಗ್ಯಾರೇಜಿನ ಯಂತ್ರವನ್ನೂ ಕಟ್ಟಿಕೊಳ್ಳುವಂತೆ ಮಾಡಬಲ್ಲದು. ಸೋರಿಕೆ ಹುಡುಕಲು ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಜೋಡಣೆಯ ಸುತ್ತ ಎಣ್ಣೆ ಹೀರಿದ ದೂಳು ಕಂಡರೆ ಬಹುತೇಕ ಅಲ್ಲಿಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೋಗಿದೆ. ಸ್ಟಿಕ್ಕರಿನಲ್ಲಿ ಆರ್-1234ವೈಎಫ್ ಎಂದಿದ್ದರೆ, ಅಥವಾ ಕಾರು ಹೈಬ್ರಿಡ್ ಇಲ್ಲವೇ ಎಲೆಕ್ಟ್ರಿಕ್ ಆಗಿದ್ದರೆ ಈ ಕ್ಯಾನ್ ಮುಟ್ಟಲೇಬೇಡಿ. ಮೊದಲಿನದಕ್ಕೆ ಗ್ಯಾಸೇ ಬೇರೆ, ಎರಡನೆಯದಕ್ಕೆ ಕಂಪ್ರೆಸರ್ ಎಣ್ಣೆಯೇ ಬೇರೆ.