ಮಹಾಪ್ರಬಂಧದ ವಾಕ್ಯಗಳನ್ನು ನಾನು ತಿದ್ದಿದ ಬಗೆ

ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಾನು ಪಿಎಚ್.ಡಿ. ಮಾಡಿದೆ. ಕೆಲಸ ಬ್ಯಾಂಕಿನಲ್ಲಿ, ಮನೆ ಡೊಂಬಿವಲಿಯಲ್ಲಿ, ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಲೀನಾದ ವಿದ್ಯಾನಗರಿಯಲ್ಲಿ. ಈಗ ಎಂ.ಎ. ವಿದ್ಯಾರ್ಥಿಗಳು ಕರಡು ತಂದು, “ಮೇಡಂ, ಭಾಷೆ ಸ್ವಲ್ಪ ನೋಡಿ” ಅನ್ನುತ್ತಾರೆ. ಕಾಗುಣಿತ ಆಮೇಲೆ ನೋಡೋಣ ಅಂತ ಹೇಳಿ, ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಹಾಕಿಸುತ್ತೇನೆ. ಯಾರು ಏನು ಮಾಡಿದರು? ಅದು ನಿಮಗೆ ಹೇಗೆ ಗೊತ್ತಾಯಿತು?

ನನ್ನ ಕರಡಿನದೇ ಒಂದು ವಾಕ್ಯ ತೆಗೆದುಕೊಳ್ಳಿ: “ರಾತ್ರಿ ಶಾಲೆಗಳ ಮೂಲಕ ಶ್ರಮಿಕ ವರ್ಗದ ಶೈಕ್ಷಣಿಕ ಉನ್ನತೀಕರಣ ಸಾಧಿಸಲ್ಪಟ್ಟಿರುವುದನ್ನು ಗಮನಿಸಬಹುದಾಗಿದೆ.” ಇದರಲ್ಲಿ ಮನುಷ್ಯರೇ ಇಲ್ಲ, ಅಲ್ವಾ? ತಿದ್ದಿದ ಮೇಲೆ ಹೀಗಾಯಿತು: “ತುಳುನಾಡಿನಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಓದಿ ಎಸ್ಸೆಸ್ಸಿ ಪರೀಕ್ಷೆಗೆ ಕೂತರು.” ಪಂಡಿತರು ಒಪ್ಪುವುದಿಲ್ಲವೇನೋ ಎಂಬ ಭಯ ವಿದ್ಯಾರ್ಥಿಗಳಿಗೆ ಇರುತ್ತದೆ. ನನ್ನ ಗೈಡ್ ಇಂಥ ವಾಕ್ಯಗಳನ್ನು ಒಂದನ್ನೂ ಹೊಡೆದುಹಾಕಲಿಲ್ಲ.

ಎರಡನೇ ಪ್ರಶ್ನೆ ಇನ್ನೂ ಮುಖ್ಯ. ಹುಡುಗರು ಅಂದರೆ ಎಲ್ಲರೂನಾ? ನಾನು ಮಾತಾಡಿಸಿದ್ದು ಕೆಲವು ಹಿರಿಯರನ್ನು, ಅದೂ ಓದು ಮುಗಿಸಿದವರನ್ನು. ನಡುವೆ ಶಾಲೆ ಬಿಟ್ಟವರು ನನ್ನ ಕೈಗೆ ಸಿಕ್ಕಿದ್ದು ತೀರಾ ಕಡಿಮೆ. ಹಾಗಾಗಿ “ನಾನು ಸಂದರ್ಶಿಸಿದವರಲ್ಲಿ ಹೆಚ್ಚಿನವರು” ಎಂದೇ ಬರೆದೆ. ನನ್ನ ಸಂದರ್ಶನಗಳಿಂದ ಯಾರು ಬಿಟ್ಟುಹೋಗಿದ್ದಾರೆ ಎಂಬುದನ್ನು ಅದೇ ಪ್ಯಾರಾದಲ್ಲಿ ಹೇಳಿದೆ. ಹೀಗೆ ಅಳತೆ ಹಾಕಿ ಹೇಳಿದರೆ ಮಾತು ದುರ್ಬಲವಾಗುವುದಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಹಿಡಿಯುವುದು “ಎಲ್ಲರೂ”, “ಯಾವಾಗಲೂ”, “ನಿಸ್ಸಂದೇಹವಾಗಿ” ಎಂಬಂಥ ಕಡೆಗಳಲ್ಲೇ. ಹಾಗಂತ ಪ್ರತಿ ಸಾಲಿಗೂ “ಬಹುಶಃ” ಅಂಟಿಸುವುದೂ ಬೇಡ. ದಾಖಲೆ ಕೈಯಲ್ಲಿದ್ದರೆ ನೇರವಾಗಿ ಹೇಳಿಬಿಡಿ.

ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ನಡುವೆ “ಎಂಬ”, “ಆದಂಥ”, “ಇರುವಂಥ” ತುಂಬಿದರೆ ಓದುವವರು ಅಲ್ಲಿಯವರೆಗೆ ಎಲ್ಲವನ್ನೂ ತಲೆಯಲ್ಲಿ ಹೊತ್ತು ಕಾಯಬೇಕು. ಬರೆದವರ ಕಣ್ಣಿಗೆ ಇದು ಕಾಣುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಫೋನುಗಳಲ್ಲಿ ಕನ್ನಡಕ್ಕೂ ಇದೆ. ಲೋಕಲ್ ಟ್ರೇನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನನ್ನ ಅಧ್ಯಾಯಗಳನ್ನು ನಾನೇ ಕೇಳುತ್ತಿದ್ದೆ. ಎಲ್ಲಿ ಅರ್ಥ ಕೈತಪ್ಪಿತೋ ಅಲ್ಲಿ ವಾಕ್ಯವನ್ನು ಎರಡು ಮಾಡಿದೆ.

ಅಧ್ಯಾಯದ ಓಟ ನೋಡಲು ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬೇರೆ ಹಾಳೆಗೆ ಇಳಿಸಿದೆ. ಅವಷ್ಟನ್ನೇ ಓದಿದರೂ ವಾದ ಮುಂದೆ ಸಾಗಬೇಕು.

ಉಲ್ಲೇಖದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಕೃತಿಚೌರ್ಯ ತಡೆ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಸರಿಯಾಗಿ ಮೂಲ ಹೇಳಿ ಉದ್ಧರಿಸಿದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ವಿದ್ಯಾರ್ಥಿಗಳು ಈ ಶೇಕಡಾವನ್ನೇ ನೋಡುತ್ತಾ, ಸುಮ್ನೆ ಒಂದೆರಡು ಪದ ಬದಲಿಸುತ್ತಾರೆ. ಪದ ಬದಲಾದರೂ ವಿಚಾರ ಇನ್ನೊಬ್ಬರದ್ದೇ. ಅವರ ಹೆಸರು ಹೇಳಲೇಬೇಕು. ನಾನು ಪುಸ್ತಕ ಓದಿ, ಮುಚ್ಚಿಟ್ಟು, ಆಮೇಲೆ ನನ್ನ ಮಾತಿನಲ್ಲಿ ಟಿಪ್ಪಣಿ ಬರೆಯುತ್ತಿದ್ದೆ. ಯಥಾವತ್ತಾಗಿ ಇಳಿಸಿಕೊಂಡ ಸಾಲಿಗೆ ಅಲ್ಲೇ ಉದ್ಧರಣ ಚಿಹ್ನೆ, ಪಕ್ಕದಲ್ಲೇ ಪುಟ ಸಂಖ್ಯೆ. ಸಂದರ್ಶನದ ಟಿಪ್ಪಣಿಗೂ ಇದೇ ಕ್ರಮ. ಹಿರಿಯರು ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆದುಕೊಂಡು, ನನ್ನ ಕನ್ನಡವನ್ನು ಅದರ ಕೆಳಗೆ ಬೇರೆ ಶಾಯಿಯಲ್ಲಿ ಬರೆಯುತ್ತಿದ್ದೆ. ಯಾವುದು ಅವರ ಮಾತು, ಯಾವುದು ನನ್ನ ವ್ಯಾಖ್ಯಾನ ಎಂದು ಗೈಡ್ ಕೇಳಿದಾಗ ಆ ನೋಟುಬುಕ್ ತೆರೆದು ತೋರಿಸಿದರೆ ಸಾಕಾಗುತ್ತಿತ್ತು.